ನೆಲ ಒರೆಸುವ ಬಟ್ಟೆ

ಫಿನಾಯಿಲ್ ವಾಸನೆ ಬಂದರೆ ಇಂದಿಗೂ ನನಗೆ ಚಂದ್ರಾ ಲೇಔಟಿನ ದೊಡ್ಡಮ್ಮನ ಮನೆ ನೆನಪಾಗುತ್ತದೆ. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡ ಮೇಲೆ, ಹದಿನಾಲ್ಕು ವರ್ಷದ ನನ್ನನ್ನು ಅಮ್ಮನ ಅಕ್ಕ ಅಲ್ಲಿಗೆ ಕರೆತಂದಿದ್ದರು. ಒಂದು ಮಧ್ಯಾಹ್ನ ಸ್ಕೂಲಿನಿಂದ ಬಂದಾಗ, ನಾನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದ ಅಮ್ಮನ ಹಸಿರು ನೂಲಿನ ಸೀರೆಯನ್ನು ದೊಡ್ಡಮ್ಮ ಎರಡಾಗಿ ಹರಿದಿದ್ದರು. ಅರ್ಧ ಬಕೆಟ್ಟಿನಲ್ಲಿತ್ತು. ಇನ್ನರ್ಧದಿಂದ ಕೆಲಸದಾಕೆ ಮಾರ್ಬಲ್ ನೆಲ ಒರೆಸುತ್ತಿದ್ದಳು. ನಾನು ಕಿತ್ತುಕೊಂಡು ಎದೆಗೆ ಒತ್ತಿಕೊಂಡೆ. ಕೊಳೆನೀರು ಯೂನಿಫಾರಂ ಮೇಲೆಲ್ಲ ಇಳಿಯಿತು.

"ಒಂದು ಹಳೇ ಸೀರೆಗೆ ಎಷ್ಟು ರಂಪ ಮಾಡ್ತೀಯೇ? ನಿಂಗೆ ಹೊಸ ಬಟ್ಟೆ ಕೊಡಿಸಿಲ್ವಾ? ಕೊಡು ಇಲ್ಲಿ," ಎಂದು ದೊಡ್ಡಮ್ಮ ಕೈ ಚಾಚಿದರು.

"ಕೊಡಲ್ಲ, ಆಂಟಿ," ಎಂದೆ. ಅಲ್ಲಿಯವರೆಗೆ ದೊಡ್ಡಮ್ಮ ಎನ್ನುತ್ತಿದ್ದೆ.

ಅವರ ಕೈ ಹಾಗೇ ನಿಂತಿತು. "ಏನಂದೆ?"

ಮತ್ತೆ ಅದನ್ನೇ ಹೇಳಿದೆ. ಆಮೇಲೆ ಆ ಮನೆಯಲ್ಲಿದ್ದ ನಾಲ್ಕು ವರ್ಷವೂ, ನೆಂಟರಿಷ್ಟರ ಮುಂದೆಯೂ, ಅವರನ್ನು ಆಂಟಿ ಎಂದೇ ಕರೆದೆ.