ಓಣಿಯ ಗಾಳಿ

ಗಾಳಿ ನಿಂತುಹೋದ ಮೇಲೆ ಹುಟ್ಟಿದ ಮಕ್ಕಳು ಈಗ ಏಳನೇ ತರಗತಿಗೆ ಬಂದಿದ್ದರು. ಗದುಗಿನ ಗುಡ್ಡದ ಮೇಲಿನ ಗಾಳಿಯಂತ್ರಗಳು ತಿರುಗಿದ್ದನ್ನು ಅವರು ಕಂಡೇ ಇರಲಿಲ್ಲ. ಹಾಗಾಗಿ ಶಾಲೆಯ ವಿಮಾನ ಮೇಳಕ್ಕೆ ಓಣಿಯವರೆಲ್ಲ ಮನೆಯ ಫ್ಯಾನುಗಳನ್ನು ಹೊತ್ತು ತಂದು ಮೈದಾನದಲ್ಲಿ ಸಾಲಾಗಿ ಇಡುತ್ತಿದ್ದರು.

ಈ ವರ್ಷ ಏಳನೇ ತರಗತಿಯ ಸಕೀನಾ ತಾನೇ ಮಾಡಿದ ಬಿದಿರಿನ ವಿಮಾನವನ್ನು ದಾರಕ್ಕೆ ಕಟ್ಟಿ ಫ್ಯಾನುಗಳ ಮುಂದೆ ಎತ್ತಿ ಹಿಡಿದಳು. ಅಷ್ಟರಲ್ಲಿ ಕರೆಂಟ್ ಹೋಯಿತು.

“ಮುಂದಿನ ವರ್ಷ ಹಾರಸೂಣು ಬಿಡವ್ವಾ,” ಎಂದರು ಮೇಳ ನಡೆಸುವ ಬಸಲಿಂಗಪ್ಪ.

“ಹ್ವಾದ ವರ್ಷಾನೂ ಹಿಂಗ ಅಂದಿದ್ರಿ, ಅಜ್ಜಾ. ನಾ ಕೈ ಇಳಸೂದಿಲ್ಲ.”

ಬಿಸಿಲು ಏರಿತು. ಅವಳು ಕೈ ಇಳಿಸಲಿಲ್ಲ. ಬಸಲಿಂಗಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಬೀಸತೊಡಗಿದರು. ಅವರ ಹಿಂದೆ ಓಣಿಯವರ ಮೊರ, ಚಾಪೆ, ಚಾದರಗಳು ಎದ್ದವು.

ವಿಮಾನ ಅವಳ ಕೈಬಿಟ್ಟು ಮೇಲೇರಿತು. ತೋಳು ಸೋತವರ ಜಾಗಕ್ಕೆ ಬೇರೆಯವರು ಬಂದರು. ಗಾಳಿ ನಿಲ್ಲಲಿಲ್ಲ.