ಬಾಗಿಲಿನ ಗೆರೆಗಳು

"ಆ ಗರಗಸ ಒಳಗಿಡಿ. ಊರವರ ಕಣ್ಣಿಗೆ ಬಿದ್ರೆ ಕಾಲು ಮುರೀತಾರೆ."

ಚಹಾದಂಗಡಿಯವನು ತಮಾಷೆಗೆ ಹೇಳಿದ್ದಲ್ಲ ಎಂದು ಬಡಗಿಗೆ ತಿಳಿಯಿತು. ಚೀಲದಿಂದ ಇಣುಕುತ್ತಿದ್ದ ಹಿಡಿಯನ್ನು ಒಳಕ್ಕೆ ತಳ್ಳಿದ. ಬೆಳಗಿನಿಂದ ಬೀದಿ ಬೀದಿ ಸುತ್ತಿ, ಕಂಡವರ ಮನೆ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಚೌಕಟ್ಟು ನೋಡುವವನ ಮೇಲೆ ಅನುಮಾನ ಬರದೆ ಇರುತ್ತದೆಯೇ?

ಊರೇನೋ ಹೊಸದು. ಹಳೆಯದು ಅಣೆಕಟ್ಟಿನ ನೀರಿನಡಿ ಮುಳುಗಿ ಎಷ್ಟೋ ವರ್ಷವಾಗಿತ್ತು. ಇಲ್ಲಿ ಬೀದಿಗಳೆಲ್ಲ ನೇರ, ಮನೆಗಳೆಲ್ಲ ಒಂದೇ ಅಚ್ಚು. ಆದರೆ ಬೂದು ಸಿಮೆಂಟಿನ ಗೋಡೆಗಳಲ್ಲಿ ಹಳೆಯ ಸಾಗುವಾನಿ ಬಾಗಿಲುಗಳು. ಊರು ಬಿಡುವಾಗ ಜನ ಬೇರೆ ಏನು ಬಿಟ್ಟರೂ ಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತು ತಂದಿದ್ದರು.

"ಲಾರೀಲಿ ತಂದು ಬಯಲಲ್ಲಿ ರಾಶಿ ಹಾಕಿದ್ರು," ಎಂದ ಅಂಗಡಿಯವನು. "ಇಲ್ಲಿಗೆ ಬರದೆ ಬೇರೆ ಕಡೆ ಹೋದೋರ ಬಾಗಿಲೂ ಅದರಲ್ಲೇ ಇದ್ವು. ಅವರವರೇ ಗುರುತು ಹಿಡಿದು ಹೊತ್ಕೊಂಡು ಹೋದ್ರು. ಈಗ ನಿಮ್ಮಂಥೋರು ಬಂದು ಪುಸಲಾಯಿಸಿ ಕೊಂಡು, ಅಲಂಕಾರಕ್ಕೆ ಅಂತ ಹೋಟೆಲಿಗೆ ಮಾರ್ತೀರಿ."

ಬಡಗಿ ಚಹಾ ಮುಗಿಸಿ ಎದ್ದ.

ಅವನಿಗೆ ಬೇಕಾದದ್ದು ಕೊನೆಯ ಬೀದಿಯಲ್ಲಿ ಸಿಕ್ಕಿತು. ಚೌಕಟ್ಟಿನ ಮರದ ಮೇಲೆ, ತೊಡೆಯೆತ್ತರದಿಂದ ಎದೆಯೆತ್ತರದವರೆಗೆ, ಚಾಕುವಿನಲ್ಲಿ ಕೊರೆದ ಗೆರೆಗಳು. ಎಲ್ಲವೂ ಎಡಕ್ಕೆ ತುಸು ಜಾರಿದ್ದವು. ಬಡಗಿ ಬಾಗಿಲು ತಟ್ಟಿದ.

ಮನೆಯಾಕೆ ತರಕಾರಿ ಹೆಚ್ಚುತ್ತಿದ್ದ ಚಾಕು ಹಿಡಿದೇ ಹೊರಗೆ ಬಂದಳು. ತಲೆ ಪೂರಾ ನೆರೆತ ಮುದುಕಿ.

"ಅಮ್ಮಾ, ಈ ಚೌಕಟ್ಟು ನನಗೆ ಬೇಕು. ಹೊಸದು ನಾನೇ ಮಾಡಿ ನಿಲ್ಲಿಸಿಕೊಡ್ತೀನಿ. ಅದರ ಮೇಲೆ ನೀವು ಕೇಳಿದಷ್ಟು ಕೊಡ್ತೀನಿ."

"ಮನೆ ಬೇಕಾದ್ರೆ ತಗೋಪ್ಪಾ. ಇದನ್ನ ಕೇಳ್ಬೇಡ. ಇದರಲ್ಲಿ ನನ್ನ ಮಗ ಇದ್ದಾನೆ."

ಹೊಸ್ತಿಲ ಪಕ್ಕ ಕುಸಿದು ಕೂತಳು. "ಊರು ಬಿಡೋ ದಿನ ಬೆಕ್ಕು ತರ್ತೀನಿ ಅಂತ ವಾಪಸ್ ಓಡಿದ. ನೀರು ಬಂದುಬಿಡ್ತು. ದೇಹಾನೂ ಸಿಗ್ಲಿಲ್ಲ. ನಾನು ಹಾಸಿಗೆ ಹಿಡಿದೆ, ಅನ್ನ ಬಿಟ್ಟೆ. ನಮ್ಮ ಯಜಮಾನ್ರು ರಾಶಿಯೊಳಗೆ ಹುಡುಕಿ ಇದನ್ನ ತಂದು ನಿಲ್ಲಿಸಿದ್ರು. 'ನೋಡೇ, ವರ್ಷ ವರ್ಷ ನೀನು ಹಾಕಿದ ನಿನ್ನ ಮಗನ ಎತ್ತರದ ಗೆರೆ' ಅಂದ್ರು. ಅವತ್ತು ಎದ್ದು ಕೂತೆ."

ಒಂದೊಂದೇ ಗೆರೆಯನ್ನು ಸವರಿದಳು. ಸವರಿ ಸವರಿ ಅಂಚು ನುಣುಪಾಗಿತ್ತು.

"ಇಲ್ಲಿ ನೋಡು, ಈ ಗೆರೆ ಎಷ್ಟು ಮೇಲಿದೆ, ಕಳ್ಳ ಅವನು, ತುದಿಗಾಲಲ್ಲಿ ನಿಂತಿರ್ಬೇಕು. ಇಲ್ಲಿ ಮಾತ್ರ ನಡುವೆ ಒಂದು ವರ್ಷ ಗೆರೇನೇ ಇಲ್ಲ. ಯಾಕೆ ಹಾಕ್ಲಿಲ್ಲವೋ, ಎಷ್ಟು ಯೋಚಿಸಿದ್ರೂ ನೆನಪಾಗಲ್ಲ."

"ಮನೇಲಿ ಯಾರೋ ಕಾಯಿಲೆ ಬಿದ್ದಿರ್ಬೇಕು," ಎಂದ ಬಡಗಿ.

"ಇರ್ಬೇಕು. ನೀನ್ಯಾಕಪ್ಪಾ ಅಳ್ತೀಯ?"

ಅವನು ತೋಳಿನಿಂದ ಕಣ್ಣೊರೆಸಿಕೊಂಡ. ಮುದುಕಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಅವನೂ ಈಗ ನಿನ್ನ ವಯಸ್ಸಿನೋನೇ ಆಗಿರ್ತಿದ್ದ. ಒಂದ್ಸಲ ಇಲ್ಲಿ ನಿಲ್ತೀಯಾ?"

ಬಡಗಿ ಚೀಲ ಕೆಳಗಿಟ್ಟು ಬೆನ್ನನ್ನು ಮರಕ್ಕೆ ಒತ್ತಿ ನಿಂತ. ಮುದುಕಿ ಸ್ಟೂಲು ಎಳೆದುಕೊಂಡು ಹತ್ತಿದಳು. "ನೆಟ್ಟಗೆ ನಿಂತ್ಕೋ," ಎಂದಳು. ಅವನು ಕಣ್ಣು ಮುಚ್ಚಿದ. ನೆತ್ತಿಯ ಮೇಲೆ ಚಾಕು ಕರಕರ ಎಂದಿತು.

"ಅಬ್ಬಾ! ಎಷ್ಟು ಬೆಳೆದುಬಿಟ್ಟ!" ಅವಳು ನಗುತ್ತಿದ್ದಳು, ಅಳುತ್ತಲೂ ಇದ್ದಳು. ಕೆಳಗಿಳಿದ ಮೇಲೆ ಅವಳಿಗೇ ನಾಚಿಕೆಯಾಯಿತು. "ಇಷ್ಟು ದೂರ ಬಂದೆ. ಬರಿಗೈಲಿ ಕಳಿಸ್ತಿದೀನಿ ಅಂತ ಬೇಜಾರು ಮಾಡ್ಕೋಬೇಡ."

"ಇಲ್ಲಮ್ಮ. ಇದು ಇಲ್ಲೇ ಇರ್ಲಿ. ಯಾರು ಕೇಳಿದ್ರೂ ಕೊಡ್ಬೇಡಿ."

ಚೀಲ ಹೆಗಲಿಗೇರಿಸಿ ಕೊನೆಯ ಸಲ ಚೌಕಟ್ಟನ್ನು ನೋಡಿದ. ಮುದುಕಿಯ ಬಲಗೈ ಕೊರೆದ ಹೊಸ ಗೆರೆ, ಹಳೆಯವುಗಳಂತಲ್ಲದೆ, ಬಲಕ್ಕೆ ಜಾರಿತ್ತು. ಅವಳು ಅದನ್ನು ಗಮನಿಸಲಿಲ್ಲ. ದೇವರೇ, ಎಂದೂ ಗಮನಿಸದಿರಲಿ ಎಂದುಕೊಂಡ.

ಅವನನ್ನು ಪ್ರತಿ ವರ್ಷ ಅದೇ ಮರಕ್ಕೆ ಒರಗಿಸಿ ನಿಲ್ಲಿಸಿ ಗೆರೆ ಕೊರೆದಿದ್ದ ಅವನ ಅಮ್ಮ ಎಡಗೈಯವಳು; ಒಂದು ವರ್ಷ ಕಾಯಿಲೆ ಮಲಗಿ, ಮರುವರ್ಷ ಕೊನೆಯದೊಂದು ಗೆರೆ ಹಾಕಿ ಕಣ್ಣು ಮುಚ್ಚಿದ ಅವಳದೆಂದು ಅವನಿಗೆ ಈ ಲೋಕದಲ್ಲಿ ಉಳಿದದ್ದು ಆ ಗೆರೆಗಳಷ್ಟೇ.