ಉತ್ತರ ಗೊತ್ತಿಲ್ಲದ ಪ್ರಶ್ನೆ

“ಈಗ ನಿಮ್ಮ ಮಕ್ಕಳಿಗೆ ಒಂದೇ ಒಂದು ಪ್ರಶ್ನೆ ಕೇಳಿ. ಆದರೆ ಅದರ ಉತ್ತರ ನಿಮಗೆ ಗೊತ್ತಿರಬಾರದು,” ಎಂದರು ತರಬೇತಿ ನಡೆಸುತ್ತಿದ್ದ ಮೇಡಂ. ಮೇಷ್ಟ್ರಿಗೆ ನಗು ಬಂತು. ಗಣಿತ ಕಲಿಸಿ ನಿವೃತ್ತರಾದವರು ಅವರು. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಜನ್ಮದಲ್ಲಿ ಯಾರಿಗೂ ಕೇಳಿದವರಲ್ಲ. ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವರ ಮಗಳು ಗುಬ್ಬಿ ಕೈಕಟ್ಟಿ ಕೂತಿದ್ದಳು. ವಯಸ್ಸು ಇಪ್ಪತ್ತೆಂಟಾದರೂ ಮನೆಯಲ್ಲಿಟ್ಟ ಆ ಮುದ್ದಿನ ಹೆಸರು ಅವಳನ್ನು ಬಿಟ್ಟಿರಲಿಲ್ಲ. ಗಣಿತದ ಮೇಷ್ಟ್ರ ಮಗಳಿಗೆ ಕೂಡುವುದು ಕಳೆಯುವುದು ಇವತ್ತಿಗೂ ಕಬ್ಬಿಣದ ಕಡಲೆ. ಅಂಥ ಮಕ್ಕಳಿರುವ ಮನೆಯವರಿಗೆಂದೇ ಏರ್ಪಡಿಸಿದ್ದ ತರಬೇತಿ ಅದು.

ಮೇಷ್ಟ್ರು ಸುಮ್ಮನೆ ಬಂದಿರಲಿಲ್ಲ. ಕೆಲವು ದಿನಗಳಿಂದ ಗುಬ್ಬಿ ತನ್ನ ಸಾಮಾನುಗಳನ್ನೆಲ್ಲ ಕಂಡಕಂಡವರಿಗೆ ಕೊಟ್ಟುಬಿಡುತ್ತಿದ್ದಳು. ಮೊದಲು ಛತ್ರಿ ಪಕ್ಕದ ಮನೆಯ ಹುಡುಗಿಯ ಪಾಲಾಯಿತು. ಆಮೇಲೆ ಬಣ್ಣದ ಪೆನ್ಸಿಲ್ ಡಬ್ಬಿ ಹೋಯಿತು. ಕೊನೆಗೆ, ಒಗೆದು ಹಾಕಿದರೆ ಒಣಗುವವರೆಗೂ ಅದರ ಕೆಳಗೇ ಕಾದು ಕೂರುತ್ತಿದ್ದ ಆ ಹಳದಿ ಸ್ವೆಟರನ್ನೂ ಕೆಳಗಿನ ಮನೆಯ ಅಜ್ಜಿಗೆ ಹೊದಿಸಿ ಬಂದಳು. ಪಾಪ, ಅವರು ಹಿಂದಕ್ಕೆ ತಂದುಕೊಟ್ಟರೆ ಇವಳು ಮತ್ತೆ ಹೋಗಿ ಕೊಟ್ಟು ಬಂದಳು. ಬೈದದ್ದಾಯಿತು, ರಮಿಸಿದ್ದಾಯಿತು. ಯಾಕೆ ಹೀಗೆ ಮಾಡುತ್ತಾಳೆ ಎಂಬ ಹುಳ ಮೇಷ್ಟ್ರ ತಲೆ ಹೊಕ್ಕು ಕೊರೆಯುತ್ತಿತ್ತು. ಇಲ್ಲಿ ಯಾರಾದರೂ ಬಿಡಿಸಿ ಹೇಳಿಯಾರೆಂದು ಬಂದಿದ್ದರು.

“ಗುಬ್ಬಿ, ನಿನಗೆ ಯಾವ ಬಣ್ಣ ಇಷ್ಟ?”

“ಹಳದಿ.”

ಕುರ್ಚಿಗಳ ನಡುವೆ ಓಡಾಡುತ್ತಿದ್ದ ಮೇಡಂ ನಿಂತರು. “ಉತ್ತರ ಗೊತ್ತಿತ್ತಾ ಮೇಷ್ಟ್ರೇ?”

“ಗೊತ್ತಿತ್ತು.”

“ಹಾಗಾದ್ರೆ ಅದು ಪರೀಕ್ಷೆ. ಇನ್ನೊಂದು ಕೇಳಿ.”

ಮೇಷ್ಟ್ರು ತಲೆ ಕೆರೆದುಕೊಂಡರು. ಯಾರೆಂದರೆ ಪ್ರೀತಿ, ಯಾವುದೆಂದರೆ ಭಯ, ಏನು ತಿಂದರೆ ಹೊಟ್ಟೆ ಕೆಡುತ್ತದೆ, ಎಲ್ಲವೂ ಅವರಿಗೆ ಬಾಯಿಪಾಠ. ಮಗಳ ಬಗ್ಗೆ ತಮಗೆ ಗೊತ್ತಿಲ್ಲದ್ದು ಒಂದೇ ಒಂದು. ಅದನ್ನೇ ಕೇಳಿಬಿಟ್ಟರು. “ಸ್ವೆಟರ್ ಯಾಕಮ್ಮ ಕೊಟ್ಬಿಟ್ಟೆ?”

“ಅಜ್ಜಿ ಇಟ್ಕೊಳ್ಳಲಿ ಅಂತ.”

“ಅದೇ, ಯಾಕೆ?”

“ಇಟ್ಕೊಳ್ಳಲಿ.”

“ನೋಡಿದ್ರಲ್ಲ ಮೇಡಂ,” ಎಂದರು ಮೇಷ್ಟ್ರು, ಮಗಳು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ. “ಎಷ್ಟು ಕೇಳಿದ್ರೂ ಇಷ್ಟೇ. ಇದಕ್ಕಿಂತ ಹೆಚ್ಚು ಅವಳಿಗೆ ಹೇಳೋಕೆ ಬರಲ್ಲ.”

“ಹೇಳೋದು ಬೇಡ ಬಿಡಿ. ಅವರೇ ಕೇಳಲಿ.” ಮೇಡಂ ಗುಬ್ಬಿಯ ಎದುರು ಒಂದು ಕುರ್ಚಿ ಎಳೆದುಕೊಂಡು ಕೂತರು. “ಗುಬ್ಬಿ, ನೀವು ಅಪ್ಪನ್ನ ಏನಾದ್ರೂ ಕೇಳಬೇಕಾ?”

‘ನೀವು’ ಎಂದದ್ದು ತನಗೋ ಅಲ್ಲವೋ ಎಂದು ಗುಬ್ಬಿ ಒಮ್ಮೆ ಹಿಂದೆ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ. ಅಪ್ಪನ ತೋಳು ಹಿಡಿದು, ಕಿವಿಯ ಹತ್ತಿರ ಬಂದು, ಸಣ್ಣ ದನಿಯಲ್ಲಿ ಕೇಳಿದಳು.

“ಅಪ್ಪಾ, ನನಗೇನಾಗಿದೆ?”

ಈ ಒಂದು ವಿಷಯವನ್ನು ಅವರು ಯಾರಿಗೆ ಹೇಳಿಲ್ಲ? ಡಾಕ್ಟರುಗಳಿಗೆ ಹೇಳಿದ್ದಾರೆ, ಕಚೇರಿಗಳ ಕಿಟಕಿಗಳಲ್ಲಿ ಬಗ್ಗಿ ಹೇಳಿದ್ದಾರೆ, ನೆಂಟರಿಷ್ಟರಿಗೆ, ಅಕ್ಕಪಕ್ಕದವರಿಗೆ, ಬಸ್ಸಿನಲ್ಲಿ ದಿಟ್ಟಿಸಿ ನೋಡಿದ ಅಪರಿಚಿತರಿಗೂ ಹೇಳಿದ್ದಾರೆ. ಮಗಳೊಬ್ಬಳಿಗೆ ಮಾತ್ರ ಹೇಳಿರಲಿಲ್ಲ. ಹೇಳಬೇಕು ಎಂದು ಒಂದು ದಿನವೂ ಹೊಳೆದಿರಲಿಲ್ಲ. ಅವರಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಹೇಳಿದರೆ ಎಲ್ಲಿ ನೊಂದುಕೊಳ್ಳುತ್ತಾಳೋ ಎಂದು ಹೆದರಿಕೆಯಾಯಿತು.

“ಏನೂ ಆಗಿಲ್ಲ ಪುಟ್ಟಾ.”

“ಅಮ್ಮನೂ ಹಾಗೇ ಅಂದ್ಳು. ಸುಳ್ಳು.”

ಮೇಷ್ಟ್ರು ಮೇಡಂ ಕಡೆ ನೋಡಿದರು. ಅವರು ನೆರವಿಗೆ ಬರುವ ಲಕ್ಷಣ ಕಾಣಲಿಲ್ಲ. ಗುಬ್ಬಿಯ ಹಿಡಿತ ಬಿಗಿಯಾಗುತ್ತಿತ್ತು. ಮೇಷ್ಟ್ರು ಅವಳ ಕೈ ಮೇಲೆ ಕೈ ಇಟ್ಟರು.

“ನೋಡು, ನೀನು ಹುಟ್ಟಿದಾಗಿನಿಂದ ಹೀಗೇ. ಹೊಸದೇನಾದ್ರೂ ಕಲಿಯೋಕೆ ನಿನಗೆ ಬೇರೆಯವರಿಗಿಂತ ಹೆಚ್ಚು ಹೊತ್ತು ಬೇಕು. ಲೆಕ್ಕ, ಓದು ಕಷ್ಟ ಆಗುತ್ತೆ. ಕೆಲವಕ್ಕೆ ಯಾರಾದ್ರೂ ಜೊತೆಗಿರಬೇಕು. ಅದಕ್ಕೆ ಬೌದ್ಧಿಕ ಅಂಗವೈಕಲ್ಯ ಅಂತ ಹೆಸರು.”

“ಅಷ್ಟೇನಾ?”

“ಅಷ್ಟೇ.”

“ಬೇರೆ ಏನೂ ಇಲ್ವಾ?”

“ಇಲ್ಲ ಕಣೇ. ನಿನ್ನಾಣೆ ಇಲ್ಲ.”

ಗುಬ್ಬಿ ಅಪ್ಪನ ಮುಖವನ್ನೇ ನೋಡುತ್ತ ಕೂತಳು. ಸುಳ್ಳಲ್ಲ ಎಂದು ಖಾತ್ರಿಯಾದ ಮೇಲೆ ತೋಳು ಬಿಟ್ಟಳು.

“ಮೊನ್ನೆ ಆಸ್ಪತ್ರೆಗೆ ಹೋದಾಗ ಡಾಕ್ಟರು ನನ್ನ ಹೊರಗೆ ಕೂರಿಸಿ ಬಾಗಿಲು ಹಾಕ್ಕೊಂಡ್ರಲ್ಲ,” ಎಂದಳು. “ಒಳಗೆ ಅಮ್ಮ ಅಳ್ತಿದ್ಳು. ನಾನು ಸತ್ತುಹೋಗ್ತೀನೇನೋ ಅಂದ್ಕೊಂಡಿದ್ದೆ.”